ಸಸ್ಯಾಹಾರಿಯ ರೈಫಲ್

ವಿಪತ್ತು ಎದುರಾದಾಗ ಮಾತ್ರ ಮನುಷ್ಯನ ಒಳಗೆ ಇರುವುದೇನು ಎಂಬುದು ಹೊರಗೆ ಕಾಣಿಸುತ್ತದೆ. ನನ್ನ ವಿಷಯದಲ್ಲಿ ವಿಪತ್ತಿನವರೆಗೆ ಕಾಯುವ ಅಗತ್ಯ ಬೀಳಲಿಲ್ಲ. ಆಫೀಸಿನ ಪ್ರಿಂಟರ್ ಒಂದೇ ಸಾಕಾಯಿತು.

ಎರಡು ಸಾವಿರದ ಹದಿಮೂರರ ಸುಮಾರಿನ ಮಾತು. ಅಮೆರಿಕದ ಪಶ್ಚಿಮ ಕರಾವಳಿಯ ಈಸ್ಟ್‌ಗೇಟಿನಲ್ಲಿ, ಹೆದ್ದಾರಿಯ ಸದ್ದು ಹಗಲಿಡೀ ಸೋನೆಮಳೆಯ ಹಾಗೆ ಕೇಳುತ್ತಿದ್ದ ಒಂದು ಇಳಿಜಾರು ಬೀದಿಯಲ್ಲಿ ನಾವು ಮನೆ ಕೊಂಡು ಆರು ವರ್ಷವಾಗಿತ್ತು. ನಾವು ಎಂದರೆ ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು ಮತ್ತು ಕುಂಡದಲ್ಲಿದ್ದ ಒಂದು ಕರಿಬೇವಿನ ಗಿಡ. ಗಿಡವನ್ನು ಮನೆಯವರ ಪಟ್ಟಿಗೆ ಸೇರಿಸಿದ್ದು ತಮಾಷೆಗಲ್ಲ. ಆ ಚಳಿಯಲ್ಲಿ ಅದನ್ನು ಬೆರಳುದ್ದದಿಂದ ಎದೆಯೆತ್ತರಕ್ಕೆ ಬೆಳೆಸಿದವಳು ನನ್ನ ಹೆಂಡತಿ. ಅಕ್ಟೋಬರ್ ಬಂತೆಂದರೆ ಅದು ಒಳಗೆ ಬಂದು ಊಟದ ಮನೆಯ ಕಿಟಕಿಯ ಬಳಿ ಕೂರುತ್ತಿತ್ತು.

ಎಡಗಡೆಯ ಮನೆಯಲ್ಲಿ ಒಬ್ಬ ಅಮೆರಿಕನ್ ಹಿರಿಯರಿದ್ದರು. ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಲೇಥ್ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ದೂರದ ಊರುಗಳಲ್ಲಿದ್ದರು. ಡಿಸೆಂಬರಿನಲ್ಲಿ ನಾವು ಮೈಸೂರಿಗೆ ಹೊರಟಾಗಲೆಲ್ಲ ಮನೆಯ ಬೀಗದ ಕೈ ಅವರ ಕೈಗೆ ಹೋಗುತ್ತಿತ್ತು. ಅವರು ವಾರಕ್ಕೊಮ್ಮೆ ಬಂದು ಗಿಡಕ್ಕೆ ನೀರು ಹಾಕಿ, ಹಾಕಿದ ದಿನವನ್ನು ಪೆನ್ಸಿಲ್‌ನಲ್ಲಿ ಒಂದು ಚೀಟಿಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದರು. ನಾವು ವಾಪಸು ಬಂದ ಮಾರನೆಯ ದಿನ ಬೀಗದ ಕೈಯನ್ನು ಲಕೋಟೆಯಲ್ಲಿ ಹಾಕಿ ತಂದುಕೊಡುತ್ತಿದ್ದರು. ಐದು ವರ್ಷದಲ್ಲಿ ಒಂದು ವಾರವೂ ತಪ್ಪಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಬೀದಿಯವರನ್ನೆಲ್ಲ ಸೇರಿಸಿ, ಅಗ್ನಿಶಾಮಕ ಇಲಾಖೆಯ ಒಬ್ಬ ಮಹಿಳೆ ಭೂಕಂಪದ ಬಗ್ಗೆ ಉಪನ್ಯಾಸ ಕೊಟ್ಟರು. ದೊಡ್ಡದೊಂದು ಬರಲಿದೆ, ಯಾವತ್ತು ಎಂದು ಗೊತ್ತಿಲ್ಲ. ಬಂದರೆ ಸೇತುವೆಗಳು ಇರುವುದಿಲ್ಲ, ಎರಡು ವಾರ ಯಾರೂ ನಿಮ್ಮನ್ನು ಕೇಳಲು ಬರುವುದಿಲ್ಲ. ಆದ್ದರಿಂದ ಆಹಾರ, ನೀರು ಇಟ್ಟುಕೊಳ್ಳಿ, ಮುಖ್ಯವಾಗಿ ಅಕ್ಕಪಕ್ಕದವರನ್ನು ತಿಳಿದುಕೊಳ್ಳಿ ಎಂದರು. ನಾನು ಶಿಸ್ತಿನ ಮನುಷ್ಯ. ಹೇಳಿದ್ದನ್ನೆಲ್ಲ ಮಾಡಿದೆ.

ಮೊದಲು ಗ್ಯಾರೇಜಿನಲ್ಲಿ ಸೋನಾಮಸೂರಿ ಅಕ್ಕಿಯ ಆರು ಚೀಲ, ತೊಗರಿಬೇಳೆ, ಹುಣಸೆಹಣ್ಣು, ಸಾರಿನ ಪುಡಿ, ನೀರಿನ ಪೀಪಾಯಿ ಬಂದು ಕುಳಿತವು. ಈ ಸಾಧನೆಯನ್ನು ರೆಡ್ಮಂಡಿನ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಮಂಡ್ಯದ ಗೆಳೆಯನಿಗೆ ವರ್ಣಿಸಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ.

"ಎಲ್ಲಾ ಸರಿ ಗುರುಗಳೇ. ಹದಿನೈದ್ ದಿನ ಅಂಗಡಿ ಮುಚ್ಚಿದ್ರೆ ಬೀದಿಗೆಲ್ಲಾ ಅಕ್ಕಿ ಇರೋದು ನಿಮ್ಮನೇಲಿ ಒಂದೇ. ನಿಮ್ಮನೆ ಒಗ್ಗರಣೆ ವಾಸ್ನೆ ಮೂರ್ ಮನೆ ದಾಟ್ತದೆ. ಜನ ಬರ್ದೇ ಇರ್ತಾರಾ?"

"ಬಂದ್ರೆ?"

"ಬಂದ್ರೆ ಏನ್ ಮಾಡ್ತೀರ? ಮಂತ್ರ ಹೇಳ್ತೀರಾ?"

ಅವನು ನಗಲಿಕ್ಕೆ ಹೇಳಿದ್ದು. ನಾನು ಮನೆಗೆ ಹೋಗಿ ರೈಫಲ್ಲುಗಳ ಬಗ್ಗೆ ಓದಲು ಕೂತೆ.

ನಮ್ಮದು ಶೂರರ ವಂಶವಲ್ಲ. ಏಳು ತಲೆಮಾರಿನಿಂದ ನಮ್ಮ ಮನೆತನದವರು ಹಿಡಿದಿರುವ ಅತ್ಯಂತ ಭಯಂಕರ ಆಯುಧವೆಂದರೆ ಈಳಿಗೆಮಣೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ನಾನು ಒಟ್ಟು ಐದು ಗುಂಡು ಹಾರಿಸಿದ್ದೆ. ಒಂದು ಗುರಿಗೆ ತಾಗಿತ್ತು. ಅದು ಪಕ್ಕದವನ ಗುರಿ. ಇಷ್ಟು ಅನುಭವದ ಬಲದ ಮೇಲೆ, ಆಪತ್ಕಾಲಕ್ಕೆ ನಂಬಬಹುದಾದ ರೈಫಲ್ ಯಾವುದೆಂದು ಎರಡು ತಿಂಗಳು ಅಧ್ಯಯನ ಮಾಡಿದೆ. ಗ್ರೀನ್ ಕಾರ್ಡ್ ಬಂದಿತ್ತು, ಕೊಳ್ಳಲು ಕಾನೂನಿನ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಆಯ್ಕೆಗೆ.

ಕಲಿತದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆ ವಿದ್ಯೆ ಆಮೇಲೆ ನನ್ನ ಯಾವ ಕೆಲಸಕ್ಕೂ ಬರಲಿಲ್ಲ. ತಾನೇ ಗುಂಡು ತುಂಬಿಕೊಳ್ಳುವ ರೈಫಲ್ ಚುರುಕು, ಆದರೆ ಕೊಳೆ ಕೂತರೆ, ಗುಂಡು ಅದಕ್ಕೆ ಒಗ್ಗದಿದ್ದರೆ, ನಡುವೆ ಸಿಕ್ಕಿಕೊಂಡು ಮುನಿಯುತ್ತದೆ. ಪ್ರತಿ ಸಲ ಕೈಯಿಂದ ಹಿಡಿ ಎಳೆದು ತುಂಬುವ ಬೋಲ್ಟ್ ರೈಫಲ್ ನಿಧಾನ, ಆದರೆ ಕೆಡುವ ಭಾಗಗಳು ಕಡಿಮೆ. ಈ ಊರಿನ ಮಳೆಗೆ ತುಕ್ಕು ಹಿಡಿಯದ ಉಕ್ಕು ಬೇಕು. ಗುರಿ ನೋಡುವುದಕ್ಕೆ ಬ್ಯಾಟರಿ ಬೇಡುವಂಥದ್ದು ಬೇಡ. ಗುಂಡು ಸಣ್ಣದಾಗಿ, ಹಗುರಾಗಿ, ಎಲ್ಲ ಅಂಗಡಿಯಲ್ಲೂ ಸಿಗುವಂತಿರಬೇಕು. ಆದ್ದರಿಂದ ಎಲ್ಲರೂ ಹೇಳುವುದು ಪಾಯಿಂಟ್ ಇಪ್ಪತ್ತೆರಡು ಅಂಗುಲದ ಗುಂಡಿನ ರೈಫಲ್. ಆ ವರ್ಷ ಆ ಗುಂಡು ಮಾತ್ರ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ನನ್ನ ಹಾಗೆ ಅಧ್ಯಯನ ಮಾಡಿದವರು ಬಹಳ ಜನ ಇದ್ದರೆಂದು ತೋರುತ್ತದೆ.

ಇದನ್ನೆಲ್ಲ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದೆ. ದಿನಸಿ ಪಟ್ಟಿಯಿಂದ ಹಿಡಿದು ಯಾವುದನ್ನು ಬರೆದರೂ ತಲೆಯಲ್ಲಿ 'ಶ್ರೀ' ಹಾಕುವುದು ನಮ್ಮ ತಂದೆಯಿಂದ ಬಂದ ಅಭ್ಯಾಸ. ಇದರ ಹಾಳೆಹಾಳೆಗೂ ಹಾಕಿದೆ. ಉಳಿದದ್ದೆಲ್ಲ ಇಂಗ್ಲಿಷ್. ಮೊದಲ ಹಾಳೆ ಉಗ್ರಾಣ. ಎರಡನೆಯದು ರೈಫಲ್ಲುಗಳು: ಹನ್ನೊಂದು ಸಾಲು, ಒಂಬತ್ತು ಕಾಲಂ. ಮೂರನೆಯದು ಅಕ್ಕಪಕ್ಕ. ತಿಳಿದುಕೊಳ್ಳಿ ಎಂದಿದ್ದರಲ್ಲ, ತಿಳಿದುಕೊಂಡಿದ್ದೆ. ಯಾವ ಮನೆಯಲ್ಲಿ ಎಷ್ಟು ಜನ, ವಯಸ್ಸೆಷ್ಟು, ಬಂದೂಕು ಎಷ್ಟು, ಆಹಾರ ಎಷ್ಟು ಇದ್ದೀತು. ಕೊನೆಯ ಕಾಲಂ, 'ಮೊದಲು ನಮ್ಮಲ್ಲಿಗೆ ಬರುವವರೇ?'

ವಿಷಯವನ್ನು ಊಟದ ಹೊತ್ತಿಗೆ ಮನೆಯಲ್ಲಿ ಮಂಡಿಸಿದೆ. ಓದಿದ್ದ ಆಪತ್ಕಾಲದ ಸಿದ್ಧತೆಯ ಪುಸ್ತಕದ ಭಾಷೆಯಲ್ಲೇ ಹೇಳಿದೆ: ಕಾಡಿನಲ್ಲಿ ಸಿಕ್ಕಿಕೊಂಡರೆ ಇದರಿಂದ ಮೊಲ, ಅಳಿಲು ಹೊಡೆದು ಜೀವ ಉಳಿಸಿಕೊಳ್ಳಬಹುದು.

ಮಗಳು ಚಮಚ ಕೆಳಗಿಟ್ಟಳು. "ಅಪ್ಪ, ವೀ ಡೋಂಟ್ ಈವನ್ ಈಟ್ ಎಗ್ಸ್."

ಹೆಂಡತಿ ಹುಳಿ ಬಡಿಸುತ್ತಿದ್ದವಳು ನಿಲ್ಲಿಸಲಿಲ್ಲ. "ಮೊಲ ತಿನ್ನಲ್ಲ, ಅಳಿಲು ತಿನ್ನಲ್ಲ. ಮತ್ಯಾರಿಗ್ರೀ ಹೊಡೆಯೋದು?"

"ಸುಮ್ನೆ ಇರ್ಲಿ ಅಂತ ಕಣೇ. ಒಂದು ಧೈರ್ಯಕ್ಕೆ."

"ಯಾರಿಗೆ ಅಂತ ಕೇಳ್ದೆ."

ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.

ಉತ್ತರ ಹೊಳೆಯದ ಮನುಷ್ಯ ತಜ್ಞರ ಬಳಿ ಹೋಗುತ್ತಾನೆ. ನನಗೆ ಗೊತ್ತಿದ್ದ ತಜ್ಞರು ಎಡಗಡೆಯ ಮನೆಯವರೇ. ಚಿಕ್ಕಂದಿನಿಂದ ಬೇಟೆಯಾಡಿದವರು. ಬೇಲಿಯ ಬಳಿ ನಿಂತು ಕೇಳಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಆರು ವರ್ಷದಲ್ಲಿ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು, ಗಿಡಕ್ಕೆ ನೀರು ಹಾಕುತ್ತೀರಾ ಎಂಬುದನ್ನು ಬಿಟ್ಟರೆ. ಮುಂದಿನ ಶನಿವಾರವೇ ತಮ್ಮ ಟ್ರಕ್ಕಿನಲ್ಲಿ ಬೆಟ್ಟದ ಬುಡದ ಶೂಟಿಂಗ್ ರೇಂಜಿಗೆ ಕರೆದೊಯ್ದರು. ತಮ್ಮ ಹಳೆಯ ಬೋಲ್ಟ್ ರೈಫಲ್ ಕೊಟ್ಟು, ಜೋಪಾನ ಮಾಡಿಟ್ಟಿದ್ದ ಗುಂಡುಗಳಲ್ಲಿ ಒಂದು ಡಬ್ಬಿಯಷ್ಟನ್ನು ನನ್ನ ಕೈಯಿಂದ ದಂಡ ಮಾಡಿಸಿದರು. ಅವರ ಮಾತನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ನಂಬಿಕೆಯ ರೈಫಲ್ ಅಂತ ಅಂಗಡೀಲಿ ಮಾರಲ್ಲ. ಒರೆಸಿ, ಎಣ್ಣೆ ಹಾಕಿ, ತಿಂಗಳಿಗೊಂದು ಸಲ ಹಾರಿಸ್ತಾ ಇದ್ರೆ ಇದ್ದದ್ದೇ ನಂಬಿಕೆಯದಾಗುತ್ತೆ." ಆಮೇಲೆ ಕೇಳಿದರು, "ಅದ್ಸರಿ, ಯಾತಕ್ಕೆ ಬೇಕು ನಿಮಗೆ?"

"ಮೊಲಕ್ಕೆ," ಎಂದೆ.

ಅವರು ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದರು. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ನಮ್ಮ ಪರವಾಗಿ ಅಂಗಡಿಯವನನ್ನು ಕೇಳುತ್ತಿದ್ದವರು. ನನ್ನನ್ನು ಒಂದು ಕ್ಷಣ ನೋಡಿ, "ಒಳ್ಳೇದು" ಎಂದರು. ವಾಪಸು ಬರುವ ದಾರಿಯಲ್ಲಿ ನನ್ನ ರೈಫಲ್ಲುಗಳ ಪಟ್ಟಿಯ ಬಗ್ಗೆ ಹೇಳಿದೆ. ಟ್ರಕ್ಕಿನಿಂದ ಇಳಿಯುವಾಗ, "ನಿಮ್ಮ ಪಟ್ಟಿ ಕಾಗದದ ಮೇಲೆ ಕೊಡಿ, ನನಗೆ ಪರದೆ ಮೇಲೆ ಓದಕ್ಕಾಗಲ್ಲ. ನೋಡಿ ಹೇಳ್ತೀನಿ" ಎಂದರು.

ಸೋಮವಾರ ಆಫೀಸಿನಲ್ಲಿ ಪ್ರಿಂಟ್ ಕೊಟ್ಟೆ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದವನು ನಾನು. ತೆರೆದಿರುವ ಹಾಳೆಯನ್ನಷ್ಟೇ ಮುದ್ರಿಸಬೇಕೇ, ಇಡೀ ಕಡತವನ್ನೇ ಎಂದು ಯಂತ್ರ ಕೇಳುತ್ತದೆ. ಮೀಟಿಂಗಿಗೆ ಹೊತ್ತಾಗಿತ್ತು, ಯಾವುದನ್ನೋ ಒತ್ತಿದೆ. ಆ ಪ್ರಿಂಟರ್ ತಾನೇ ಪಿನ್ನು ಹೊಡೆದು ಮಡಿಯಾಗಿ ಕೊಡುತ್ತದೆ. ಸಂಜೆ ಮನೆಗೆ ಬರುತ್ತಾ ಅವರ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಂದೆ.

ಬುಧವಾರ ಸಂಜೆ ನಾನು ಬಂದಾಗ ಆ ಕಾಗದಗಳು ಊಟದ ಮೇಜಿನ ಮೇಲಿದ್ದವು. ಹೆಂಡತಿ ಎದುರಿಗೆ ಕೂತಿದ್ದಳು.

"ಅವರೇ ಬಂದು ಕೊಟ್ಟು ಹೋದ್ರು. ಒಳಗೆ ಬನ್ನಿ ಅಂದೆ, ಬರ್ಲಿಲ್ಲ," ಎಂದಳು. "ಯಾರಿಗೆ ಹೊಡೆಯೋದು ಅಂತ ಕೇಳಿದ್ನಲ್ಲ. ನೀವು ಬರ್ದೇ ಇಟ್ಟಿದೀರ."

ರೈಫಲ್ಲಿನ ಹಾಳೆಯ ಮೇಲೆ ಪೆನ್ಸಿಲ್ಲಿನ ಗುರುತುಗಳಿದ್ದವು. ಒಂದು ಬೋಲ್ಟ್ ರೈಫಲ್ಲಿಗೆ ಸರಿ ಗುರುತು ಹಾಕಿ ಪಕ್ಕದಲ್ಲಿ, 'ನೀವು ಎಡಗೈಯವರು. ಎಡಗೈಯವರಿಗೆ ಮಾಡಿದ್ದು ಸಿಗುತ್ತದೆ, ಅದನ್ನು ಕೇಳಿ' ಎಂದಿತ್ತು. ತಲೆಯ ಮೇಲಿನ 'ಶ್ರೀ'ಗೆ ಸುತ್ತು ಹಾಕಿ ಪ್ರಶ್ನೆಚಿಹ್ನೆ ಇಟ್ಟಿದ್ದರು. ಹಾಳೆ ತಿರುಗಿಸಿದೆ.

ಮೂರನೆಯ ಹಾಳೆಯಲ್ಲಿ ಎಡಗಡೆಯ ಮನೆ ಎಂಬ ಸಾಲನ್ನು ಅವರು ತಿದ್ದಿದ್ದರು. ವಯಸ್ಸು ಎಪ್ಪತ್ತು ಎಂದು ನಾನು ಅಂದಾಜಿಸಿದ್ದನ್ನು ಹೊಡೆದು ಎಪ್ಪತ್ನಾಲ್ಕು ಮಾಡಿದ್ದರು. ಬಂದೂಕು ಎರಡಲ್ಲ, ಮೂರು. ಆಹಾರ 'ಕಡಿಮೆ' ಎಂಬುದನ್ನು ಹೊಡೆದು, 'ಡಬ್ಬಿಯ ಹುರುಳಿಕಾಯಿ, ಕಾಳು, ನಲವತ್ತು ಡಬ್ಬಿ. ಮಾಂಸ ಬೆರೆತಿಲ್ಲ, ಡಬ್ಬಿಯ ಮೇಲಿನ ಚೀಟಿ ಓದಿ ನೋಡಿದ್ದೇನೆ.' ಮೊದಲು ನಮ್ಮಲ್ಲಿಗೆ ಬರುವವರೇ ಎಂಬ ಕಾಲಂನಲ್ಲಿ ನಾನು 'ಹೌದು' ಎಂದು ಹಾಕಿದ್ದೆ. ಅದನ್ನು ಹೊಡೆದಿರಲಿಲ್ಲ. ಪಕ್ಕದಲ್ಲಿ ಸೇರಿಸಿದ್ದರು: 'ಜನರೇಟರ್ ತೆಗೆದುಕೊಂಡು.'

ಉಳಿದ ಮನೆಗಳ ಸಾಲುಗಳನ್ನು ಮುಟ್ಟಿರಲಿಲ್ಲ. ಅದು ಅವರಿಗೆ ಸಂಬಂಧಪಟ್ಟ ವಿಷಯವಲ್ಲ.

ನಾನು ಆ ಹಾಳೆಯ ಮೇಲಿನ 'ಶ್ರೀ'ಯನ್ನು ನೋಡುತ್ತಾ ಕೂತೆ. ಮಿಕ್ಕ ಯಾವುದನ್ನೂ ನೋಡುವ ಮುಖ ಇರಲಿಲ್ಲ. ಹೆಂಡತಿ ಬಯ್ಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

"ನಾವು ಬೀಗದ ಕೈ ಕೊಡೋ ಮನುಷ್ಯ ಕಣ್ರೀ ಅವ್ರು," ಎಂದಳು. "ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ. ಇಲ್ದಿದ್ರೆ ಈ ಸಲ ಯಾವ ಮುಖ ಇಟ್ಕೊಂಡು ಕೊಡ್ತೀರ?"

ಶನಿವಾರ ಅವಳು ಡಬ್ಬಿಗೆ ಕೋಡುಬಳೆ ತುಂಬಿಕೊಟ್ಟಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶೋಕಸಭೆಗೆ ಹೋಗುವವನ ನಡಿಗೆಯಲ್ಲಿ ಇಪ್ಪತ್ತು ಅಡಿ ದೂರದ ಮನೆಗೆ ಹೋದೆ. ಒಂದು ವಾಕ್ಯ ಕಟ್ಟಿಕೊಂಡಿದ್ದೆ. ಬಾಗಿಲು ತೆಗೆದವರೇ ಕೋಡುಬಳೆಯ ಡಬ್ಬಿ ಇಸಿದುಕೊಂಡು, ಕೂರಿಸಿ, ಕಾಫಿ ಕೊಟ್ಟು, ಎಡಗೈಯವರ ರೈಫಲ್ಲನ್ನು ತರಿಸಿಕೊಡುವ ಅಂಗಡಿಯ ದಾರಿ ಹೇಳಿದರು. ನಾನು ಗುರುತು ಹಾಕಿಕೊಂಡೆ. ಸೂರಿನ ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿಕೊಳ್ಳುವ ಬಗ್ಗೆ ಮಾತಾಡಿದೆವು. ಆ ವರ್ಷದ ಮಳೆಯ ಬಗ್ಗೆ ಮಾತಾಡಿದೆವು. ಕಟ್ಟಿಕೊಂಡಿದ್ದ ವಾಕ್ಯ ನಡುವೆಯೇ ಸಿಕ್ಕಿಕೊಂಡು, ಮುನಿದು ಕೂತಿತು. ಕಾಲು ಗಂಟೆಯ ಮೇಲೆ ಅವರು ಖಾಲಿ ಡಬ್ಬಿಯನ್ನು ತೊಳೆದು, ಒರೆಸಿ ಕೊಟ್ಟರು. ಎದ್ದು ಬಂದೆ.

"ಹೇಳಿದ್ರಾ?" ಎಂದಳು ಹೆಂಡತಿ.

"ಹೇಳ್ದೆ."

ಡಿಸೆಂಬರ್ ಹತ್ತಿರ ಬಂತು. ಒಂದು ಬೆಳಗ್ಗೆ ಅವರೇ ಬೇಲಿಯ ಬಳಿ ನಿಂತು, "ಈ ಸಲ ಯಾವತ್ತು ಹೊರಡೋದು? ನಿಮ್ಮ ಮರ ನಾನು ನೋಡ್ಕೋತೀನಲ್ಲ?" ಎಂದರು. ಗಿಡವನ್ನು ಅವರು ಯಾವಾಗಲೂ ಮರ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ತಪ್ಪಾಯಿತು ಎಂದು ಒಂದು ಮಾತು ಹೇಳಿ ಬೀಗದ ಕೈ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನೇ ಕೊಲ್ಲಲು ಲೆಕ್ಕ ಹಾಕಿದ್ದ ಮನುಷ್ಯನ ಕೈಗೆ ಮನೆಯ ಬೀಗದ ಕೈ ಇಡುವುದು ನನಗೆ ಸಾಧ್ಯವಾಗಲಿಲ್ಲ. ಅವರ ಮೇಲಿನ ಅನುಮಾನದಿಂದಲ್ಲ, ಅವರು ಅದನ್ನು ಮೊದಲಿನಂತೆಯೇ ತೆಗೆದುಕೊಳ್ಳುತ್ತಾರೆಂಬ ಭಯದಿಂದ.

"ನಿಮಗ್ಯಾಕೆ ತೊಂದರೆ. ಈ ಸಲ ಕರ್ಕ್‌ಲ್ಯಾಂಡಿನಿಂದ ನನ್ನ ಗೆಳೆಯ ಬಂದು ನೋಡ್ಕೋತಾನೆ," ಎಂದೆ.

ಅವರು ತಲೆಯಾಡಿಸಿದರು. "ವಾರಕ್ಕೆ ಒಂದೇ ಸಲ ಅಂತ ಹೇಳಿ ಅವರಿಗೆ. ಜಾಸ್ತಿ ಹಾಕಿದ್ರೆ ಬೇರು ಕೊಳೆಯುತ್ತೆ."

ಕರ್ಕ್‌ಲ್ಯಾಂಡಿನಲ್ಲಿ ನನಗೆ ಗೆಳೆಯರಿರಲಿಲ್ಲ. ಮಂಡ್ಯದವನು ಆಗಲೇ ಊರಿಗೆ ಹೋಗಿದ್ದ. ಹೊರಡುವ ದಿನ ನೀರು ತುಂಬಿದ ಬಾಟಲಿಯೊಂದರ ಮುಚ್ಚಳಕ್ಕೆ ತೂತು ಮಾಡಿ, ಕುಂಡದಲ್ಲಿ ತಲೆಕೆಳಗಾಗಿ ನೆಟ್ಟೆ. ಆಪತ್ಕಾಲದ ಸಿದ್ಧತೆಯ ಪುಸ್ತಕದಲ್ಲಿ ಕಲಿತ ಉಪಾಯ. ವಿಮಾನ ನಿಲ್ದಾಣದಲ್ಲಿ ಹೆಂಡತಿ ಕೇಳಿದಳು.

"ಬೀಗದ ಕೈ ಕೊಟ್ರಾ?"

"ಕೊಟ್ಟೆ."

ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಐದು ವಾರ ಮೈಸೂರಿನಲ್ಲಿ ಅದನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ದಾಟಿಸುತ್ತಾ ಓಡಾಡಿದೆ.

ರೈಫಲ್ ಕೊಳ್ಳಲಿಲ್ಲ. ಭೂಕಂಪವೂ ಆಗಲಿಲ್ಲ. ಜನವರಿಯಲ್ಲಿ ನಾವು ಮನೆಗೆ ಬಂದಾಗ ಫ್ರಿಜ್ಜಿನ ಮೇಲೆ ಚೀಟಿ ಇರಲಿಲ್ಲ, ಕರಿಬೇವಿನ ಗಿಡ ಸತ್ತಿತ್ತು.