ಸಿಂಗಾನಲ್ಲೂರಿನ ಓಡುವ ಗಡಿಯಾರ

1985ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 6.30. ಮೈಸೂರಿನಲ್ಲಿ ಕೊಯಮತ್ತೂರು ಬಸ್ಸು ಹತ್ತಿದೆ. ಟಿಕೆಟ್ಟು 24 ರೂಪಾಯಿ. ದಿಂಬಂ ಘಟ್ಟದಲ್ಲಿ ಎಣಿಸಿದ ತಿರುವು 27. ಎರಡು ಗಂಟೆಗೆ ಸುಡುಬಿಸಿಲಲ್ಲಿ ಇಳಿದು, ಟೌನ್ ಬಸ್ಸಿನಲ್ಲಿ ಸಿಂಗಾನಲ್ಲೂರು ಸೇರಿದೆ.

ಅಲ್ಲಿನ ನೂಲಿನ ಗಿರಣಿಗೆ ನಮ್ಮ ಗಡಿಯಾರದ ಅಂಗಡಿಯವರು ಹಿಂದಿನ ತಿಂಗಳು ಗಡಿಯಾರ ಕೂರಿಸಿದ್ದರು. ಆಫೀಸಿನ ತಾಯಿ ಗಡಿಯಾರ ನಿಮಿಷಕ್ಕೊಮ್ಮೆ ತಂತಿಯಲ್ಲಿ ಮಿಡಿತ ಕಳಿಸುತ್ತದೆ. ಆರು ಮರಿ ಗಡಿಯಾರಗಳ ಮುಳ್ಳು ಒಟ್ಟಿಗೆ ಮುಂದೆ ಸರಿಯಬೇಕು. ನೂಲುವ ವಿಭಾಗದ ಮರಿ ಮಾತ್ರ ಮುಂದೆ ಓಡುತ್ತಿದೆಯೆಂದು ದೂರು; ಸರಿಪಡಿಸಲು ನನ್ನನ್ನು ಕಳಿಸಿದ್ದರು.

ನಾನು ಉಳಿದುಕೊಂಡದ್ದು ಅದೇ ವಿಭಾಗದ ಕೆಲಸಗಾರ್ತಿ ರುಕ್ಕಮ್ಮಕ್ಕನ ಮನೆಯಲ್ಲಿ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಕ್ಕಿ, ಬೇಳೆ ಒಟ್ಟಿಗೆ ಬೇಯಿಸಿದ ಅನ್ನ ಬಡಿಸುತ್ತ ಅಕ್ಕ ಹೇಳಿದರು: "ಗೇಟ್ ಗಡಿಯಾರ ನೋಡ್ಕೊಂಡೇ ಊಟ ಮುಗ್ಸಿ ಒಳಗೆ ಹೋದೆ ತಂಬಿ. ಸೋಮವಾರ ಒಳಗಿನ ಗಡಿಯಾರ ನೋಡಿ ಒಂದು ನಿಮಿಷಕ್ಕೆ ಲೇಟು ಬರೆದ್ರು. ಮೂರು ಲೇಟಾದ್ರೆ ಹೆಸರೇ ಹೊಡೀತಾರೆ."

ಬುಧವಾರ 10.45ಕ್ಕೆ ಏಳೂ ಗಡಿಯಾರ ಸರಿಯಿದ್ದವು. 11ಕ್ಕೆ ಕರೆಂಟು ಹೋಗಿ 11.10ಕ್ಕೆ ಬಂತು. ಊಟದ ಹೊತ್ತಿಗೆ ನೂಲುವ ವಿಭಾಗ ಹತ್ತು ನಿಮಿಷ ಮುಂದೆ! ಅಕ್ಕನಿಗೆ ಎರಡನೇ ಲೇಟು. ತಂತಿ ತಡಕಿದೆ, ಗಡಿಯಾರ ಬಿಚ್ಚಿದೆ, ಏನೂ ತಿಳಿಯಲಿಲ್ಲ.

"ನಿಮ್ಮ ಗಡಿಯಾರಕ್ಕೆ ನಮಗಿಂತ ಮುಂಚೆ ಮನೆಗೆ ಹೋಗೋ ಅವಸರ" ಎಂದು ಆ ವಿಭಾಗದ ಹಾಜರಿ ಬರೆಯುವ ಮೇಸ್ತ್ರಿ ನಕ್ಕರು. ದಿನಾ ಸಂಜೆ ಗಿರಣಿಯ ಸೈರನ್ನು, ಅಲ್ಲಿನವರ ಮಾತಲ್ಲಿ ಸಂಗು, ಊದಿದಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಡುವವರು ಅವರೇ.

ಗುರುವಾರ ಗಡಿಯಾರದ ಕೆಳಗೇ ಕುಳಿತೆ. ಅಂದೂ ಹತ್ತು ನಿಮಿಷ ಕರೆಂಟಿರಲಿಲ್ಲ. ಬಂದ ಕೂಡಲೇ ಮೇಸ್ತ್ರಿ ಸ್ಟೂಲು ಹತ್ತಿ, ಕೈಗಡಿಯಾರ ನೋಡಿ, ನಿಂತಿದ್ದ ಮುಳ್ಳನ್ನು ಹತ್ತು ನಿಮಿಷ ಮುಂದೆ ತಳ್ಳಿ ಇಳಿದರು. ಮರುಕ್ಷಣವೇ ಮುಳ್ಳು ಟಕಟಕನೆ ತಾನಾಗಿ ಇನ್ನೂ ಹತ್ತು ಮನೆ ಓಡಿತು. ಕರೆಂಟು ಇಲ್ಲದಾಗ ಕೂಡಿಟ್ಟ ಮಿಡಿತಗಳನ್ನು ತಾಯಿ ಗಡಿಯಾರ ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಸಾಲಾಗಿ ಕಳಿಸುತ್ತದೆ. ಅದನ್ನು ನಮ್ಮವರು ಯಾರೂ ಅವರಿಗೆ ಹೇಳಿರಲಿಲ್ಲ.

"ಹಳೇ ಗಡಿಯಾರಾನ ಇಪ್ಪತ್ತು ವರ್ಷ ಹೀಗೇ ತಳ್ತಿದ್ದೆ, ತಂಬಿ!" ಎಂದರು ಮೇಸ್ತ್ರಿ. ಮುಳ್ಳು ಹಿಂದಿಟ್ಟರು, ಬುಧವಾರದ ಲೇಟು ಹೊಡೆದು ಹಾಕಿದರು. ಸೋಮವಾರದ್ದನ್ನು ಮುಟ್ಟಲಿಲ್ಲ. "ಅವತ್ತು ಕರೆಂಟೇ ಹೋಗಿಲ್ಲ. ಅದಕ್ಕೇನ್ ಹೇಳ್ತೀ?"

ಸೋಮವಾರದಂತೆ ಶುಕ್ರವಾರವೂ ಕರೆಂಟು ಹೋಗಲಿಲ್ಲ, ಯಾರೂ ಸ್ಟೂಲು ಹತ್ತಲಿಲ್ಲ. ಆದರೂ ಮಧ್ಯಾಹ್ನ ಗೇಟಿನ ಮರಿ ಒಂದು ನಿಮಿಷ ಹಿಂದಿತ್ತು. ಮೂರು ಸಲ ನೋಡಿ ಬರೆದುಕೊಂಡೆ. ಶನಿವಾರ ಬಸ್ಸಿನಲ್ಲಿ 27 ತಿರುವು ಮತ್ತೆ ದಾಟಿದರೂ ಕಾರಣ ಹೊಳೆಯಲಿಲ್ಲ.

ಒಂದೇ ತಂತಿಯ ಮರಿ ಗಡಿಯಾರ ಒಂದು ಮಿಡಿತವನ್ನು ಹೇಗೆ ಕಳೆದುಕೊಳ್ಳುತ್ತದೆ? ಬಲ್ಲವರು ದಯವಿಟ್ಟು ಬೇಗ ಬರೆಯಿರಿ. ಆ ಒಂದು ನಿಮಿಷ ಇನ್ನೂ ರುಕ್ಕಮ್ಮಕ್ಕನ ಹೆಸರಿನ ಮುಂದೆಯೇ ಇದೆ.