ಇಸಿಜಿ ಎಂದು ಹೇಳಿದ್ದು ನಾನೇ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಉಂಟು. ಊರಿನವರ ಆಧಾರ್, ಆರ್‌ಟಿಸಿ, ಆಸ್ಪತ್ರೆಯ ರಿಪೋರ್ಟು ಎಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ಅವನ್ನು ಓದಬಾರದು. ನಾನು ಓದುತ್ತಿದ್ದೆ.

ಶಿರ್ತಾಡಿಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಪೆನ್‌ಡ್ರೈವ್ ತಂದು ಪ್ರಿಂಟ್ ತೆಗೆಸುತ್ತಿದ್ದಳು. ಹಾಳೆಯ ಉದ್ದಕ್ಕೂ ಒಂದು ಗೆರೆ. ಸಪಾಟಾಗಿ ಹೋಗಿ, ಫಕ್ಕನೆ ಮೇಲೆದ್ದು ಇಳಿದು, ಮತ್ತೆ ಸಪಾಟು. ನಾನು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ, ಬೈಪಾಸ್ ಆದವನಿಗೆ ಅಂಥ ಗೆರೆಯ ಗುರುತು ಯಾರೂ ಹೇಳಿಕೊಡಬೇಕಿಲ್ಲ. ಹೆಸರಿಲ್ಲ, ಆಸ್ಪತ್ರೆಯ ಸೀಲಿಲ್ಲ. ಹಾಳೆ ಹೊರಬಂದ ಕೂಡಲೇ ಬೋರಲು ಹಾಕುತ್ತಿದ್ದಳು. ಯಾಕೆ ಅಡಗಿಸುತ್ತಾಳೆ? ಒಮ್ಮೆ ಫೋನಿನಲ್ಲಿ, "ಈ ಸಲ ಪೀಕ್ ತುಂಬಾ ಮೇಲೆ ಹೋಗಿದೆ ಸರ್, ಯಾಕೆ ಅಂತ ಗೊತ್ತಾಗ್ತಾ ಇಲ್ಲ" ಎಂದಳು. ನನಗೆ ಮತ್ತೇನು ಬೇಕು?

ನಮ್ಮ ಕಡೆ ಸಂಬಂಧ ಕುದುರುವ ಮೊದಲು, ಹುಡುಗಿ ಓಡಾಡುವ ದಾರಿಯ ಅಂಗಡಿಗಳಲ್ಲಿ ವಿಚಾರಿಸುವುದುಂಟು. ಇವಳಿಗೆ ಬಂದ ಸಂಬಂಧದ ಹುಡುಗ ಬಂಟ್ವಾಳದಲ್ಲಿ ಲೆಕ್ಚರರ್. ಅವನ ಸೋದರಮಾವ ಬೆಳ್ತಂಗಡಿಯಿಂದ ಬಂದರು.

"ಆ ಶಿರ್ತಾಡಿ ಹುಡುಗಿ ಹೇಗೆ ಮಾರಾಯ್ರೆ?"

"ಹುಡುಗಿ ಚಿನ್ನ. ಆದ್ರೆ ಹಾರ್ಟಿನದ್ದು ಒಮ್ಮೆ ವಿಚಾರಿಸಿ. ವಾರವಾರ ಇಸಿಜಿ ಪ್ರಿಂಟ್ ತೆಗೆಸ್ತಾಳೆ. ನಾನು ಹೇಳಿದ್ದು ಅಂತ ಬೇಡ."

ಕೆಡುಕು ಬಯಸಿ ಹೇಳಲಿಲ್ಲ. ನನಗೆ ಎಲ್ಲ ಗೊತ್ತುಂಟು ಎಂದು ತೋರಿಸಲು ಹೇಳಿದೆ. ಸಂಬಂಧ ಮುರಿಯಿತು.

ಕೆಲವು ತಿಂಗಳ ಮೇಲೆ ಅವಳು ದಪ್ಪದ ಸಂಶೋಧನಾ ಪ್ರಬಂಧವೊಂದನ್ನು ಬೈಂಡಿಂಗಿಗೆ ತಂದಳು. ಮೇಲಿನ ಪುಟದಲ್ಲಿ ಗುರುಗ್ರಹದ ಚಿತ್ರ, ಕೆಳಗೆ ಅದೇ ಗೆರೆ. ಇದೇನೆಂದು ಕೇಳಿದೆ.

"ಗುರುಗ್ರಹದ ಧ್ರುವದಲ್ಲಿ ಏಳುವ ಪ್ರಭೆ, ಅಂಕಲ್. ಟೆಲಿಸ್ಕೋಪಿಗೆ ಸಿಕ್ಕಿದ ಬೆಳಕನ್ನು ಬಿಡಿಸಿ ನೋಡಿದ್ರೆ ಹೀಗೆ ಕಾಣ್ತದೆ. ಈ ಏರುಗಳೆಲ್ಲ ಹೈಡ್ರೋಜನಿನದ್ದು. ಅಲ್ಲಿ ಎಷ್ಟು ಬಿಸಿ ಉಂಟು ಅಂತ ಇದರಲ್ಲೇ ಲೆಕ್ಕ ಹಾಕುವುದು."

"ಮತ್ತೆ ಹಾಳೆ ಬೋರಲು ಯಾಕೆ ಹಾಕ್ತಿದ್ದೆ?"

"ನಿಮ್ಮ ಪ್ರಿಂಟರ್ ಪುಟಗಳನ್ನು ಉಲ್ಟಾ ಪೇರಿಸ್ತದಲ್ಲ! ಬೋರಲು ಹಾಕಿದ್ರೆ ನಂಬರು ಸರಿ ಬರ್ತದೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಮಾಡಿದ್ದನ್ನೆಲ್ಲ ಹೇಳಿದೆ. ಅವಳು ಪ್ರಬಂಧವನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನಗೆ ಆ ಹುಡುಗ ಇಷ್ಟ ಇದ್ದ. ನೀವೇ ಹೋಗಿ ಅವರಿಗೆ ಹೇಳಿ."

ಮರುದಿನ ಆ ಗೆರೆಯ ಒಂದು ಹಾಳೆ ಹಿಡಿದು ಬೆಳ್ತಂಗಡಿಯ ಬಸ್ಸು ಹತ್ತಿದೆ. ಸೋದರಮಾವ ಕನ್ನಡಕ ಏರಿಸಿ ನೋಡಿದರು.

"ಇದು ಇಸಿಜಿಯೇ ಅಲ್ವಾ?"

"ಅಲ್ಲ, ಗುರುಗ್ರಹದ ಬೆಳಕು. ತಪ್ಪು ನನ್ನದು."

"ಹೀಗೆ ಹೇಳ್ಲಿಕ್ಕೆ ಹುಡುಗಿ ಕಡೆಯವರು ನಿಮ್ಮನ್ನು ಕಳಿಸಿದ್ದಲ್ವಾ?"

ಅವಳು ಕಳಿಸಿದ್ದು ಹೌದು. ಹಾಳೆಯನ್ನು ಮಡಚಿಕೊಂಡೆ. ಅವರು ಬಾಗಿಲಲ್ಲಿ ನಿಂತಿದ್ದ ಹುಡುಗನ ತಾಯಿಯ ಕಡೆ ತಿರುಗಿ, "ಹಾರ್ಟಿನದ್ದು ಮುಚ್ಚಿಡ್ತಾರೆ ಅಂತ ನಾನು ಹೇಳ್ಲಿಲ್ವಾ ಅಕ್ಕ?" ಎಂದರು.