ಇದ್ದದ್ದು ಹೇಳಿ

ಸೊಂಟನೋವಿಗೆ ಅಕ್ಯುಪಂಕ್ಚರ್ ನಿಜಕ್ಕೂ ನಾಟುತ್ತದೆಯೇ ಎಂದು ಗಲ್ಫಿನಲ್ಲಿ ಹಮ್ದಾನ್ ಸ್ಟ್ರೀಟಿನ ಆಸ್ಪತ್ರೆಯೊಂದರಲ್ಲಿ ಸಂಶೋಧನೆ ನಡೆದಿತ್ತು. ರೋಗಿಯಾಗಿ ನಾನೂ ಸೇರಿದ್ದೆ. ಸೂಜಿ ಚುಚ್ಚುವವರು ಬೇರೆ. ಆಮೇಲೆ ನೋವು ಎಷ್ಟಿದೆಯೆಂದು ಕೇಳಿ ಬರೆದುಕೊಳ್ಳುತ್ತಿದ್ದವರು ಮಂಗಳೂರು ಕಡೆಯ ಒಬ್ಬ ನರ್ಸ್. ಕೇಳುವಾಗ ಅವರು ನಗುತ್ತಿರಲಿಲ್ಲ, ತಲೆಯನ್ನೂ ಆಡಿಸುತ್ತಿರಲಿಲ್ಲ. ಊರಿನವರೆಂಬ ದಾಕ್ಷಿಣ್ಯಕ್ಕೆ ನಾನು "ಕಡಿಮೆ ಉಂಟು ಸಿಸ್ಟರ್" ಎಂದರೆ ಪೆನ್ನು ಕೆಳಗಿಡುತ್ತಿದ್ದರು.

"ನನ್ನ ಮುಖ ನೋಡಿ ಹೇಳ್ಬೇಡಿ ಮಾರಾಯ್ರೆ. ಇದ್ದದ್ದು ಹೇಳಿ."

ಪ್ರತಿ ಸಲವೂ ಇದೇ ಮಾತು. ಪರೀಕ್ಷೆಗೆ ಕೂತವನಂತೆ ನಾನು ಯೋಚಿಸಿ ಮತ್ತೆ ಹೇಳುತ್ತಿದ್ದೆ.

ಅವರ ವೀಸಾ ರಿನ್ಯೂವಲ್‌ಗೆ ಆಸ್ಪತ್ರೆಯ ಮ್ಯಾನೇಜರ್ ಸಹಿಯೊಂದು ಬಾಕಿಯಿದ್ದ ವಾರ, ಅವರೇ ಸೊಂಟ ಹಿಡಿದು ಗೋಡೆಗೆ ಒರಗಿದ್ದರು. ಮುಖ ಬೆವರಿತ್ತು. ನಾನು ಏಳುವಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಸಿಸ್ಟರ್, ಎನಿ ಪೇನ್?" ಎಂದರು.

ಸಿಸ್ಟರ್ ತಟ್ಟನೆ ನೆಟ್ಟಗಾದರು. ಮ್ಯಾನೇಜರ್ ಮುಖ ನೋಡಿ, ನಾನು ಅದುವರೆಗೆ ಕಾಣದ ಒಂದು ನಗು ನಕ್ಕು, "ನೋ ಪೇನ್ ಸರ್" ಎಂದರು.